ಸಮಾಧಾನ ಹೇಳುವ ಕೆಲಸ

ಅಪ್ಪನಿಗೆ ಸಿಟ್ಟು ಬಂದಿದೆಯೋ ಇಲ್ಲವೋ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ಚಳ್ಳಕೆರೆಯ ಬಟ್ಟೆ ಅಂಗಡಿಯಿಂದ ಬಂದು ಅವರು ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದೇ ಸಾಕಾಗಿತ್ತು. ಮೆಲ್ಲಗೆ ಬಿಟ್ಟರೆ ಆ ಸಂಜೆ ನೆಮ್ಮದಿ. ಒದ್ದಂತೆ ಬಿಟ್ಟರೆ ನಾನು ಓಡಿಹೋಗಿ ರೇಡಿಯೋ ಆರಿಸಿ, ತಂಗಿಯ ಕೈಗೆ ಒಂದು ಪುಸ್ತಕ ತುರುಕಿ, ತಂಬಿಗೆಯಲ್ಲಿ ನೀರು ಹಿಡಿದು ಅವರ ಮುಂದೆ ನಿಲ್ಲುತ್ತಿದ್ದೆ. ಅವರು ನೀರು ಕುಡಿದು ಮುಗಿಸುವ ಹೊತ್ತಿಗೆ ಏನಾದರೂ ಒಂದು ಪ್ರಶ್ನೆ ಕೇಳುತ್ತಿದ್ದೆ. ಉತ್ತರ ಹೇಳಲು ಅವರಿಗೇ ಖುಷಿಯಾಗುವಂಥ ಪ್ರಶ್ನೆ. ಮುಕ್ಕಾಲು ಪಾಲು ಸಿಟ್ಟು ಅಲ್ಲಿಗೇ ಇಳಿಯುತ್ತಿತ್ತು. ಅವ್ವ ಅಡುಗೆಮನೆಯಿಂದ ನೋಡಿ ತಲೆಯಾಡಿಸುತ್ತಿದ್ದಳು. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನೆಂಟರೆಲ್ಲ ನನ್ನನ್ನು ಹೊಗಳುತ್ತಿದ್ದರು. ಹತ್ತು ವರ್ಷ ತುಂಬುವ ಮೊದಲೇ ಆ ಹೊಗಳಿಕೆಯ ರುಚಿ ನನಗೆ ಹತ್ತಿತ್ತು.

ದೊಡ್ಡವನಾಗಿ ಅಂಗಡಿಯಲ್ಲಿ ಕೂತ ಮೇಲೆ ಆ ಗುಣ ಇನ್ನೂ ಕೆಲಸಕ್ಕೆ ಬಂತು. ಮದುವೆ ಜವಳಿಗೆ ಹತ್ತು ಜನ ಬಂದು ಕೂತರೆ, ಹುಡುಗಿಯ ಕಣ್ಣು ಯಾವ ಸೀರೆಯ ಮೇಲೆ ನಿಂತಿದೆ, ಅತ್ತೆಯಾಗುವವಳ ಮುಖ ಯಾವ ಬಣ್ಣಕ್ಕೆ ಗಂಟಾಯಿತು, ಯಾರೂ ಕೇಳದೆ ಮೂಲೆಯಲ್ಲಿ ಕೂತ ಅಜ್ಜಿಗೆ ಎಷ್ಟು ಬೇಸರವಾಗಿದೆ, ಎಲ್ಲ ನನಗೆ ಕಾಣುತ್ತಿತ್ತು. ಮೊದಲು ಅಜ್ಜಿಯ ಮಡಿಲಿಗೆ ಒಂದು ಸೀರೆ ಹಾಕಿ ಅವರ ಅಭಿಪ್ರಾಯ ಕೇಳುತ್ತಿದ್ದೆ. ಆಮೇಲೆ ವ್ಯಾಪಾರ ತಾನಾಗಿ ಕುದುರುತ್ತಿತ್ತು.

ನಮ್ಮ ಅಂಗಡಿಗೆ ರೇಷ್ಮೆ ಸೀರೆ ಬರುತ್ತಿದ್ದುದು ಮೊಳಕಾಲ್ಮುರಿನಿಂದ. ಹನ್ನೆರಡು ವರ್ಷದ ಹಿಂದೆ ನಾನೇ ಅಲ್ಲಿ ಒಂದು ಶೆಡ್ಡು ಬಾಡಿಗೆಗೆ ಹಿಡಿದು ಹತ್ತು ಕೈಮಗ್ಗ ಹಾಕಿಸಿದೆ. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟುಕೊಂಡು ನೇಯುವ ಮಗ್ಗಗಳು. ಅಂಗಡಿಯನ್ನು ಹೆಂಡತಿಗೂ ಇಬ್ಬರು ಗುಮಾಸ್ತರಿಗೂ ಬಿಟ್ಟು ವಾರದಲ್ಲಿ ನಾಲ್ಕು ದಿನ ಬಸ್ಸು ಹತ್ತುತ್ತಿದ್ದೆ. ಬೇರೆ ಕಡೆ ನೇಕಾರರಿಗೂ ಯಜಮಾನರಿಗೂ ದಿನಾ ಒಂದು ರಗಳೆ ಇರುತ್ತಿತ್ತು. ನನ್ನ ಶೆಡ್ಡಿನಲ್ಲಿ ಇರಲಿಲ್ಲ. ಯಾರಾದರೂ ಮುಖ ಊದಿಸಿಕೊಂಡು ಬಂದರೆ ಅವರ ಪಕ್ಕ ಹೋಗಿ ಕೂತು ಮನೆಯ ಸಮಾಚಾರ ಕೇಳುತ್ತಿದ್ದೆ. ಅವರು ಹೇಳುತ್ತಿದ್ದರು, ನಾನು ಕೇಳುತ್ತಿದ್ದೆ, ಸ್ವಲ್ಪ ಹೊತ್ತಿಗೆ ಮಗ್ಗದ ಸದ್ದು ಶುರುವಾಗುತ್ತಿತ್ತು.

ಆ ಹತ್ತು ಮಗ್ಗಗಳಲ್ಲಿ ಕಿಟಕಿಯ ಕೆಳಗಿನ ಎರಡು ಒಡಹುಟ್ಟಿದ ಅಣ್ಣತಮ್ಮಂದಿರವು. ಇಬ್ಬರೂ ನನಗಿಂತ ದೊಡ್ಡವರು. ಶೆಡ್ಡಿನಲ್ಲಿ ಎಲ್ಲರೂ ಅವರನ್ನು ದೊಡ್ಡಣ್ಣ, ಸಣ್ಣಣ್ಣ ಎಂದು ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ. ನಮ್ಮ ಜೊತೆ ಕನ್ನಡ, ಅವರವರಲ್ಲಿ ತೆಲುಗು; ಕೇಳಿ ಕೇಳಿ ನನಗೂ ಅದು ಅರ್ಥವಾಗುತ್ತಿತ್ತು. ನನ್ನ ಶೆಡ್ಡಿಗೆ ಬರುವ ಮುಂಚಿನಿಂದಲೂ ಇಬ್ಬರೂ ಪಕ್ಕಪಕ್ಕದಲ್ಲೇ ಕೂತು ನೇಯ್ದವರು. ದೊಡ್ಡಣ್ಣನ ಮಗ್ಗ ಒಮ್ಮೆ ಬಡಿದರೆ ಅದು ಮುಗಿಯುವಷ್ಟರಲ್ಲಿ ಸಣ್ಣಣ್ಣನದು ಬಡಿಯುತ್ತಿತ್ತು. ಬೇಕೆಂದು ಮಾಡುತ್ತಿದ್ದುದಲ್ಲ, ಕೈಗೆ ಹಾಗೆ ರೂಢಿಯಾಗಿತ್ತು.

ಒಂದು ಬೆಳಿಗ್ಗೆ ದೊಡ್ಡಣ್ಣ ಮನೆಯ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದವರು ಎದೆ ಹಿಡಿದುಕೊಂಡು ಕೂತರಂತೆ. ಆಸ್ಪತ್ರೆಗೆ ಕರೆದೊಯ್ಯಲು ಆಟೋ ಬರುವ ಮುನ್ನವೇ ಮುಗಿದಿತ್ತು. ನಾನು ಸುದ್ದಿ ಕೇಳಿದ ಕೂಡಲೇ ಹೋದೆ, ಮಣ್ಣು ಮಾಡುವವರೆಗೂ ಇದ್ದೆ. ಅವತ್ತಿನ ನನ್ನ ದುಃಖದಲ್ಲಿ ಯಾವ ಬೆರಕೆಯೂ ಇರಲಿಲ್ಲ. ಇದನ್ನು ಹೇಳಲೇಬೇಕು, ಯಾಕೆಂದರೆ ಮುಂದೆ ಹೇಳುವುದು ಬೇರೆ ಥರದ್ದು.

ಸಣ್ಣಣ್ಣನ ಮಗ್ಗದ ಮೇಲೆ ಅರ್ಧ ನೇಯ್ದ ಒಂದು ಸೀರೆ ಇತ್ತು. ರಾಂಪುರದ ಒಂದು ಮನೆಯ ಮದುವೆಗೆ, ಧಾರೆಗೆ ಉಡುವ ಸೀರೆ. ಹುಡುಗಿಯ ತಾಯಿ ತಾವೇ ಬಂದು ಸೆರಗಿನ ವಿನ್ಯಾಸ ಆರಿಸಿದ್ದರು, ಸಣ್ಣಣ್ಣನ ಕೈಯಲ್ಲೇ ಆಗಬೇಕು ಎಂದಿದ್ದರು. ಅರ್ಧ ನೇಯ್ದ ಸೀರೆಗೆ ಮತ್ತೊಬ್ಬರು ಕೂತರೆ ಬಡಿತದ ಬಿಗಿ ಬದಲಾಗಿ, ಕೈ ಬದಲಾದ ಜಾಗದಲ್ಲಿ ಬಟ್ಟೆಯ ಮೇಲೆ ಒಂದು ಗೆರೆ ಮೂಡುತ್ತದೆ. ತೊಳೆದರೂ ಹೋಗದ ಗೆರೆ. ಹನ್ನೊಂದನೆಯ ದಿನದ ಕಾರ್ಯ ಮುಗಿದು ಮೂರು ದಿನವಾದರೂ ಸಣ್ಣಣ್ಣ ಬರಲಿಲ್ಲ. ಮದುವೆಗೆ ಎರಡು ವಾರ ಉಳಿದಿತ್ತು. ರಾಂಪುರದವರು ದಿನಕ್ಕೆ ಎರಡು ಸಲ ಫೋನು ಮಾಡುತ್ತಿದ್ದರು.

ನಾಲ್ಕನೆಯ ದಿನ ನಾನು ಅವರ ಮನೆಗೆ ಹೋದೆ. ಅವರ ಹೆಂಡತಿ ಚಾಪೆ ಹಾಸಿ "ಕೂರ್ಚೋಂಡಿ" ಎಂದು ಒಳಗೆ ಹೋದರು. ಸಣ್ಣಣ್ಣ ಗೋಡೆಗೆ ಒರಗಿ ಕೂತಿದ್ದರು. ಗಡ್ಡ ಬೆಳೆದಿತ್ತು, ಕೈಗಳು ಮೊಣಕಾಲ ಮೇಲೆ ಸುಮ್ಮನೆ ಬಿದ್ದಿದ್ದವು. ನಾನು ಸೀರೆಯ ಮಾತು ಎತ್ತಲಿಲ್ಲ. ಎತ್ತಬಾರದು ಎಂದು ನನಗೆ ಗೊತ್ತಿತ್ತು. ಅವರ ಅಣ್ಣನ ಬಗ್ಗೆ ಕೇಳಿದೆ. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಮಗ್ಗದಲ್ಲಿ ನೇಯುವುದು ಕಲಿತದ್ದು, ತಪ್ಪು ಮಾಡಿದರೆ ತಂದೆ ಇಬ್ಬರ ಕೈಗೂ ಹೊಡೆಯುತ್ತಿದ್ದುದು, ಎಲ್ಲ ಹೇಳಿದರು. ನಾನು ನನ್ನ ಅಪ್ಪ ತೀರಿಕೊಂಡ ಕಥೆ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ಕಣ್ಣಲ್ಲೂ ನೀರು ಬಂತು. ಕೊನೆಗೆ ಹೀಗೆಂದೆ: ಅಪ್ಪ ಹೋದ ಮೇಲೆ ನನಗೂ ಅಂಗಡಿಯ ಗಾದಿಯ ಮೇಲೆ ಕೂರಲು ಆಗಿರಲಿಲ್ಲ, ಒಂದು ದಿನ ಗಟ್ಟಿ ಮನಸ್ಸು ಮಾಡಿ ಕೂತೆ, ಕೂತ ಮೇಲೆ ಎದೆ ಹಗುರವಾಯಿತು, ಅವರು ಅಲ್ಲೇ ಇದ್ದಾರೆ ಅನ್ನಿಸಿತು.

ಅದು ಸುಳ್ಳು. ಅಪ್ಪ ಹೋದಾಗ ಮದುವೆಗಳ ಕಾಲ. ಮೂರನೆಯ ದಿನಕ್ಕೇ ಅಂಗಡಿ ತೆರೆದು ಕೂತಿದ್ದೆ, ಕೂತು ಹಗುರವೂ ಆಗಿರಲಿಲ್ಲ. ಆದರೆ ಸಣ್ಣಣ್ಣನಿಗೆ ಯಾವ ಮಾತು ನಾಟುತ್ತದೆ ಎಂದು ಆ ಹೊತ್ತಿಗೆ ನನಗೆ ಕಂಡುಬಿಟ್ಟಿತ್ತು. ಅದನ್ನೇ ಹೇಳಿದೆ.

ಮರುದಿನ ಬೆಳಿಗ್ಗೆ ಅವರು ಶೆಡ್ಡಿಗೆ ಬಂದರು.

ಅದೇ ವಾರ ಚಳ್ಳಕೆರೆಯಲ್ಲಿ ನಮ್ಮಂಥ ಸಣ್ಣ ಉದ್ದಿಮೆದಾರರಿಗೆ ಒಂದು ದಿನದ ತರಬೇತಿ ಇತ್ತು. ಮುಂದಾಳಾದವನಿಗೆ ಲೆಕ್ಕಾಚಾರದ ಬುದ್ಧಿಗಿಂತ ಭಾವನಾತ್ಮಕ ಬುದ್ಧಿವಂತಿಕೆ ಮುಖ್ಯ ಎಂದು ಬಂದಿದ್ದವರು ಪಾಠ ಮಾಡಿದರು. ಎದುರಿನವರ ಮನಸ್ಸನ್ನು ಓದುವುದು, ತನ್ನ ಮನಸ್ಸನ್ನು ಹಿಡಿತದಲ್ಲಿಟ್ಟುಕೊಳ್ಳುವುದು, ಹೀಗೆ. ಕೇಳುತ್ತಾ ನನಗೆ ಒಳಗೊಳಗೇ ಹಿಗ್ಗು. ನಾನು ಹುಟ್ಟಿನಿಂದ ಮಾಡಿಕೊಂಡು ಬಂದದ್ದಕ್ಕೆ ಇಂಥ ದೊಡ್ಡ ಹೆಸರಿದೆ ಎಂದು ತಿಳಿದಿರಲಿಲ್ಲ. ನಿಮ್ಮ ಅನುಭವ ಯಾರಾದರೂ ಹೇಳಿ ಎಂದಾಗ ನಾನು ಎದ್ದು ನಿಂತೆ. ಅಣ್ಣನನ್ನು ಕಳೆದುಕೊಂಡ ನೇಕಾರನ ಕಥೆ ಹೇಳಿದೆ, ಅವನ ಜೊತೆ ಕೂತು ಅತ್ತದ್ದನ್ನು ಹೇಳಿದೆ, ಮರುದಿನವೇ ಮಗ್ಗ ಸದ್ದು ಮಾಡಿದ್ದನ್ನು ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದ ಎಣ್ಣೆ ಮಿಲ್ಲಿನವರೊಬ್ಬರು ಕಣ್ಣೊರೆಸಿಕೊಂಡರು. ಸಂಜೆ ಮನೆಗೆ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಹೋದೆ, ಅಷ್ಟು ಖುಷಿ.

ಶೆಡ್ಡಿನಲ್ಲಿ ಮಾತ್ರ ಒಂದು ಸಂಗತಿ ನನ್ನ ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳಲಿಲ್ಲ. ಸಣ್ಣಣ್ಣ ಕಿವಿಯಲ್ಲಿ ಹತ್ತಿ ಇಟ್ಟುಕೊಂಡು ನೇಯುತ್ತಿದ್ದರು. ಶೀತಕ್ಕೆ ಕಿವಿ ನೋಯುತ್ತಿರಬೇಕು ಎಂದುಕೊಂಡೆ.

ಹೇಳಿದ ದಿನಕ್ಕೆ ಸೀರೆ ಮುಗಿಯಿತು. ಸಣ್ಣಣ್ಣ ಅದನ್ನು ಮಡಿಸಿ ತಂದು ನನ್ನ ಕೈಗೆ ಕೊಟ್ಟರು. ಎಲ್ಲೂ ಒಂದು ಗೆರೆಯಿಲ್ಲ, ಒಂದು ಎಳೆ ತಪ್ಪಿಲ್ಲ. ನಾನು ಹೊಗಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಕಿವಿಯ ಹತ್ತಿ ತೆಗೆದು ಕೇಳಿದರು:

"ಸಾವ್ಕಾರ್ರೆ, ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕಬ್ಯಾಡ್ರಿ. ಅವತ್ತು ನಮ್ಮನೆಗೆ ಬಂದು ಅತ್ರಲ್ಲ, ಅದು ನಮ್ಮಣ್ಣಗಾ, ಈ ಸೀರೆಗಾ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು ಅವರಿಗೆ. ನನ್ನ ಬಾಯಲ್ಲಿ ಮಾತೇ ಹೊರಡಲಿಲ್ಲ. ಮಾತು ಬಲ್ಲವನು ಎನ್ನಿಸಿಕೊಂಡ ಮೇಲೆ ಹಾಗಾದದ್ದು ಅದೇ ಮೊದಲು. ಅವರು ಹತ್ತಿಯನ್ನು ಮತ್ತೆ ಕಿವಿಗೆ ಇಟ್ಟುಕೊಂಡರು. ಆಮೇಲೆ "ಇರ್ಲಿ ಬಿಡ್ರಿ" ಎಂದು ಹೊರಟುಹೋದರು.

ಚಳ್ಳಕೆರೆಗೆ ಮರಳುವ ಬಸ್ಸಿನಲ್ಲಿ ಸೀರೆಯ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಮೊದಲು ಸಿಟ್ಟು ಬಂತು. ಬೇರೆ ಯಾವ ಯಜಮಾನ ನೇಕಾರನ ಮನೆಗೆ ಹೋಗಿ ಚಾಪೆಯ ಮೇಲೆ ಕೂರುತ್ತಾನೆ ಎಂದುಕೊಂಡೆ. ಬಸ್ಸು ತಳಕು ಊರು ದಾಟುವ ಹೊತ್ತಿಗೆ ಸಿಟ್ಟು ಇಳಿದಿತ್ತು. ತರಬೇತಿಯಲ್ಲಿ ಎದ್ದು ನಿಂತು ಕಥೆ ಹೇಳಿದ್ದು ನೆನಪಾಗಿ ಮೈಯೆಲ್ಲ ಬಿಸಿಯಾಯಿತು. ಅಲ್ಲಿ ನಾನು ಸೀರೆ ಮುಗಿದ ಕಥೆ ಹೇಳಿದ್ದೆ. ಸಣ್ಣಣ್ಣ ಹೇಗಿದ್ದಾರೆ ಎಂದು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಊಟದ ಹೊತ್ತಿಗೆ ಹೆಂಡತಿಯ ಮುಂದೆ ನಡೆದದ್ದನ್ನೆಲ್ಲ ಹೇಳಿದೆ. ಅವಳು ಪರಶುರಾಂಪುರದ ಕಡೆಯ ರೈತರ ಮನೆಯವಳು, ಮಾತು ಕಡಿಮೆ, ಆಡಿದರೆ ನೇರ. ನನಗೆ ಸಮಾಧಾನ ಹೇಳುತ್ತಾಳೆ ಎಂದು ಕಾದಿದ್ದೆನೇನೋ. ಮುದ್ದೆಯ ಮೇಲೆ ಸಾರು ಬಿಡುತ್ತಾ ಅವಳು ಅಂದದ್ದು ಇಷ್ಟು:

"ಮದುವೆ ಆದಾಗಿಂದ ನನಗೂ ಹಂಗೇ ಅನ್ನಿಸೈತೆ. ನಾನು ಸಿಟ್ಟಾದ್ರೆ ಬಂದು ಚೆಂದಾಗಿ ಸಮಾಧಾನ ಮಾಡ್ತೀರಿ. ಆದ್ರೆ ನಾನು ಯಾತಕ್ಕೆ ಸಿಟ್ಟಾಗಿದ್ನೋ ಅದು ಹಂಗೇ ಇರ್ತೈತೆ."

ಯಾತಕ್ಕೆ ಸಿಟ್ಟಾಗಿದ್ದೆ ಎಂದು ಕೇಳಿದೆ. ನಿಮಗೆ ನೆನಪಿಲ್ಲವಾ ಎಂದಳು. ಎಷ್ಟು ಯೋಚಿಸಿದರೂ ಒಂದೂ ನೆನಪಾಗಲಿಲ್ಲ. ಅವಳ ಸಿಟ್ಟನ್ನು ಹೇಗೆ ಇಳಿಸಿದೆ ಎಂಬುದು ಮಾತ್ರ ಒಂದೊಂದೂ ನೆನಪಿತ್ತು: ಯಾವ ಸಲ ಮಲ್ಲಿಗೆ ತಂದೆ, ಯಾವ ಸಲ ನಗಿಸಿದೆ, ಯಾವ ಸಲ ತವರಿಗೆ ಕರೆದುಕೊಂಡು ಹೋದೆ. ಅವಳು ಒಂದೊಂದಾಗಿ ಕಾರಣಗಳನ್ನು ಹೇಳಿದಳು. ಅದರಲ್ಲಿ ಒಂದು, ಇಪ್ಪತ್ತು ವರ್ಷದಿಂದ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೀರೆ ಮಡಿಸುತ್ತಾ ಕೂತಿರುವುದು. ನಾನಿಲ್ಲದ ದಿನ ಅಂಗಡಿ ಅವಳದೇ, ಆದರೂ ಮುಂದಿನ ಗಾದಿಯ ಮೇಲೆ ಗುಮಾಸ್ತರೇ ಕೂರುತ್ತಿದ್ದರು. ಗಿರಾಕಿ ಅವಳ ಮುಖವನ್ನೇ ನೋಡಿರಲಿಲ್ಲ.

ಎರಡು ದಿನ ಬಿಟ್ಟು ಮೊಳಕಾಲ್ಮುರಿಗೆ ಹೋದವನು ಸಣ್ಣಣ್ಣನನ್ನು ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲ್ಲಿಗೆ ಕರೆದುಕೊಂಡು ಹೋದೆ. ಟೀ ತರಿಸಿ ಕ್ಷಮೆ ಕೇಳಿದೆ. ಗಾದಿಯ ಕಥೆ ಸುಳ್ಳು ಎಂದು ಒಪ್ಪಿಕೊಂಡೆ. ಕಣ್ಣೀರು ನಿಜ, ಆದರೆ ಸೀರೆಯ ಯೋಚನೆಯೂ ಜೊತೆಯಲ್ಲೇ ಇತ್ತು ಎಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿ ಜೋಡಿಸಿಕೊಂಡ ಮಾತುಗಳು, ಒಂದೂ ತಡವರಿಸದೆ ಬಂದವು. ಅವರು ಪೂರ್ತಿ ಕೇಳಿದರು. ಟೀ ಮುಗಿಸಿ ಲೋಟ ಕೆಳಗಿಟ್ಟರು.

"ಇದನ್ನೂ ಭಾಳ ಚೆನ್ನಾಗಿ ಹೇಳ್ತೀರಿ ಸಾವ್ಕಾರ್ರೆ," ಎಂದರು. ಅಷ್ಟೇ ಹೇಳಿ ಎದ್ದರು.

ಅಲ್ಲಿಂದ ಶೆಡ್ಡಿಗೆ ಬಂದು ಏನು ಮಾಡಬೇಕೆಂದು ತಿಳಿಯದೆ ಬಾಗಿಲ ಹತ್ತಿರ ಕೂತೆ. ನೂಲು ಸುತ್ತುವ ಮುದುಕಿ ಅಲ್ಲೇ ಕೂತಿದ್ದಳು. ಶೆಡ್ಡು ಶುರುವಾದಂದಿನಿಂದ ಇದ್ದವಳು. ಸಣ್ಣಣ್ಣನಿಗೆ ಕಿವಿ ನೋವು ಇನ್ನೂ ಹೋಗಿಲ್ಲವಾ ಎಂದು ಅವಳನ್ನು ಕೇಳಿದೆ, ಸುಮ್ಮನೆ, ಮಾತಿಗೆ. ಅವಳು ಚಕ್ರ ನಿಲ್ಲಿಸಿ ನನ್ನನ್ನೇ ನೋಡಿದಳು.

"ಯಾವ ಕಿವಿ ನೋವು? ಅಣ್ಣನ ಮಗ್ಗದಾಗೆ ಬ್ಯಾರೆಯವನ್ನ ಕುಂದ್ರಿಸೀರಲ್ಲ, ಆ ಸದ್ದು ಅವರಿಗೆ ತಡಿಯಾಕೆ ಆಗಲ್ಲ."

ನಾನು ತಿರುಗಿ ನೋಡಿದೆ. ದೊಡ್ಡಣ್ಣ ಹೋದ ಎರಡನೆಯ ದಿನವೇ, ಮಗ್ಗ ಖಾಲಿ ಇರಬಾರದೆಂದು, ರಾಯದುರ್ಗದ ಕಡೆಯಿಂದ ಬಂದಿದ್ದ ಒಬ್ಬ ಹೊಸ ನೇಕಾರನನ್ನು ಅಲ್ಲಿ ಕೂರಿಸಿದ್ದೆ. ಒಳ್ಳೆಯ ಕೆಲಸಗಾರ. ಆದರೆ ಅವನ ಕೈ ಬೇರೆ, ಬಡಿತ ಬೇರೆ. ಬೇಗ ಬೇಗ ನಾಲ್ಕು ಬಡಿದು ಸ್ವಲ್ಪ ನಿಲ್ಲಿಸುತ್ತಿದ್ದ. ಇಷ್ಟು ವರ್ಷ ಅಣ್ಣನ ಬಡಿತ ಕೇಳಿಕೊಂಡೇ ಕೈಯಾಡಿಸಿದ ಮನುಷ್ಯ, ಅದೇ ಜಾಗದಿಂದ ಬರುವ ಪರಕೀಯ ಸದ್ದನ್ನು ದಿನಕ್ಕೆ ಎಂಟು ಗಂಟೆ ಕೇಳಬೇಕಿತ್ತು. ಕಿವಿಗೆ ಹತ್ತಿ ಇಟ್ಟುಕೊಂಡು ನನ್ನ ಸೀರೆ ಮುಗಿಸಿಕೊಟ್ಟಿದ್ದರು. ಅವರ ಮನೆಯಲ್ಲಿ ಕೂತು ಅವರ ಎದೆಯೊಳಗಿನದೆಲ್ಲ ಕಂಡೆ ಎಂದುಕೊಂಡಿದ್ದ ನನಗೆ, ಹತ್ತಡಿ ದೂರದಲ್ಲಿದ್ದದ್ದು ಕಂಡಿರಲಿಲ್ಲ. ಹೆಂಗಸರಿಗೆ, ಗಂಡಸರಿಗೆ, ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತಂತೆ. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದರೆ ನೀವು ಅವರ ಪಕ್ಕ ಹೋಗಿ ಕೂರುತ್ತಿದ್ದಿರಿ ಎಂದಳು ಮುದುಕಿ. ಅವಳು ಚುಚ್ಚಲು ಹೇಳಿದ್ದಲ್ಲ, ಹಾಗಾಗಿಯೇ ಹೆಚ್ಚು ನಾಟಿತು.

ಮುಂದಿನ ರಜೆಯ ದಿನ ಇಬ್ಬರು ಆಳುಗಳನ್ನು ಕರೆಸಿ ಶೆಡ್ಡಿನ ಆಚೆ ಕೊನೆಯಲ್ಲಿ ನೆಲದ ಕಲ್ಲು ಕೀಳಿಸಿ ಹೊಸ ಗುಂಡಿ ತೋಡಿಸಿದೆ. ಹೊಸ ನೇಕಾರನಿಗೆ ಅಲ್ಲಿ ಬೇರೆ ಮಗ್ಗ ಹಾಕಿಸಿದೆ. ಅವನಿಗೆ ಕಾರಣ ಹೇಳಿದಾಗ, ನನಗೂ ಅಲ್ಲಿ ಕೂರಲು ಮುಜುಗರವಾಗುತ್ತಿತ್ತು ಎಂದ. ದೊಡ್ಡಣ್ಣನ ಮಗ್ಗ ಹಾಗೇ ಬಿಟ್ಟೆ. ಸಣ್ಣಣ್ಣನಿಗೆ ನಾನು ಏನೂ ಹೇಳಲಿಲ್ಲ. ಹೇಳದೆ ಇರುವುದಕ್ಕೆ ನಾಲಿಗೆ ಕಚ್ಚಿಕೊಳ್ಳಬೇಕಾಯಿತು. ನಿಮಗಾಗಿ ಮಾಡಿಸಿದೆ ಎಂದು ಒಂದು ಸಲವಾದರೂ ಹೇಳಬೇಕೆಂಬ ಆಸೆ ಅಷ್ಟಿತ್ತು. ಮರುದಿನ ಅವರು ಬಂದು ಖಾಲಿ ಮಗ್ಗ ನೋಡಿದರು. ತಮ್ಮ ಜಾಗದಲ್ಲಿ ಕೂತು ಕಾಲು ಇಳಿಬಿಟ್ಟರು. ಎಷ್ಟೋ ಹೊತ್ತಾದ ಮೇಲೆ ನಾನು ಅತ್ತ ಕಣ್ಣು ಹಾಯಿಸಿದಾಗ ಕಿವಿಯ ಹತ್ತಿ ಕಿಟಕಿಯ ಅಂಚಿನ ಮೇಲಿತ್ತು.

ಅದರಿಂದ ಎಲ್ಲ ಸರಿಹೋಯಿತು ಎಂದು ಹೇಳುವಂತಿಲ್ಲ. ಸುಮಾರು ಒಂದು ವರ್ಷ ಅವರು ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಕೊಟ್ಟ ನೂಲಿನಲ್ಲಿ ಕೊಟ್ಟ ವಿನ್ಯಾಸ ನೇಯ್ದು ಕೊಡುತ್ತಿದ್ದರು. ಮೊದಲೆಲ್ಲ ಈ ಅಂಚಿಗೆ ಈ ಬಣ್ಣ ಹೊಂದುವುದಿಲ್ಲ, ಈ ಹೂವು ದಪ್ಪವಾಯಿತು ಎಂದು ತಕರಾರು ತೆಗೆಯುತ್ತಿದ್ದ ಮನುಷ್ಯ ಯಾವುದಕ್ಕೂ ಹೂಂ ಎನ್ನುತ್ತಿದ್ದರು. ಅವರ ಮನೆಗೆ ಹೋಗಬೇಕೆಂದು ಎಷ್ಟೋ ಸಲ ಅನ್ನಿಸಿತು. ಹೋಗಲಿಲ್ಲ.

ನಾನು ಬದಲಾಗಲು ಪಟ್ಟ ಪಾಡು ಹೊರಗಿನವರಿಗೆ ನಗೆ ತರಿಸಬಹುದು. ಯಾರಾದರೂ ಬಂದು ಕಷ್ಟ ಹೇಳಿಕೊಂಡರೆ ನನ್ನ ಕೈ ತಾನಾಗಿ ಅವರ ಹೆಗಲ ಕಡೆ ಹೋಗುತ್ತಿತ್ತು. ಅದನ್ನು ಹಿಂದಕ್ಕೆಳೆದುಕೊಂಡು, ಏನು ಮಾಡಲಿ ಎಂದು ಕೇಳುವುದನ್ನು ಕಲಿತೆ. ಹೊಸ ನೇಕಾರ ಒಂದು ದಿನ ಆಚೆ ಮೂಲೆಯಲ್ಲಿ ಬೆಳಕು ಸಾಲದೆ ಕಣ್ಣು ಉರಿಯುತ್ತದೆ ಎಂದ. ಹಳೆಯ ನಾನಾಗಿದ್ದರೆ ಅವನ ಕಣ್ಣಿನ ಬಗ್ಗೆ ಹತ್ತು ನಿಮಿಷ ಮರುಗಿ ಅವನನ್ನು ನಗಿಸಿ ಕಳಿಸುತ್ತಿದ್ದೆ. ಅವತ್ತು ಸಂಜೆಯೊಳಗೆ ಒಂದು ದೀಪ ಹಾಕಿಸಿದೆ. ಮನೆಯಲ್ಲಿ ಗಾದಿಯ ವಿಷಯಕ್ಕೆ ಮೂರು ತಿಂಗಳು ಚರ್ಚೆಯಾಯಿತು. ಗುಮಾಸ್ತರಿಗಿಂತ ಹೆಚ್ಚು ಇರಿಸುಮುರಿಸಾದದ್ದು ನನಗೇ ಎಂದು ಒಪ್ಪಿಕೊಳ್ಳಲು ಇನ್ನೂ ಒಂದು ತಿಂಗಳು ಹಿಡಿಯಿತು. ಈಗ ಹೆಂಡತಿ ಮುಂದೆ ಕೂರುತ್ತಾಳೆ. ನನ್ನಂತೆ ಮಾತಾಡಿ ಮಾರುವುದಿಲ್ಲ. ಈ ಬಣ್ಣ ನಿಮಗೆ ಒಪ್ಪುವುದಿಲ್ಲ ಎಂದು ಗಿರಾಕಿಯ ಮುಖಕ್ಕೇ ಹೇಳುತ್ತಾಳೆ. ನನಗೆ ಪಕ್ಕದಲ್ಲಿ ನಿಂತು ಬೆವರು ಬರುತ್ತದೆ.

ತಪ್ಪಿದ್ದೂ ಉಂಟು. ಒಮ್ಮೆ ತಂಗಿ ಫೋನು ಮಾಡಿ ಏನನ್ನೋ ಹೇಳಿ ಅತ್ತಳು. ಅರ್ಧ ಗಂಟೆ ಮಾತಾಡಿ ನಗಿಸಿ ಫೋನಿಟ್ಟೆ. ಇಟ್ಟ ಮೇಲೆ, ಅವಳು ಯಾತಕ್ಕೆ ಅತ್ತಳೆಂದು ನಾನು ಕೇಳಿಯೇ ಇರಲಿಲ್ಲ ಎಂದು ಹೊಳೆಯಿತು. ಮತ್ತೆ ಫೋನು ಮಾಡಿದೆ.

ಮನಸ್ಸು ಓದುವುದು ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಅದು ಇಲ್ಲದವರ ಕೈಕೆಳಗೆ ದುಡಿಯುವುದು ಎಷ್ಟು ಕಷ್ಟ ಎಂದು ನೋಡಿದ್ದೇನೆ. ಆದರೆ ಅಪ್ಪನ ಸಿಟ್ಟಿಗೆ ಹೆದರಿ ಕಲಿತ ವಿದ್ಯೆ ಅದು, ನನಗೆ. ಹೆದರಿದವನಿಗೆ ಎದುರಿನವರು ಸುಮ್ಮನಾದರೆ ಸಾಕು. ಸುಮ್ಮನಾದವರು ನೆಮ್ಮದಿಯಾಗಿದ್ದಾರೆ ಎಂದು ನಲವತ್ತು ವರ್ಷ ನಂಬಿಕೊಂಡಿದ್ದೆ.

ಹೋದ ವರ್ಷ ಬೇಸಿಗೆ ಶುರುವಿನಲ್ಲಿ ಒಂದು ಮಧ್ಯಾಹ್ನ ಶೆಡ್ಡಿನ ಹೊರಗಿನ ಕಟ್ಟೆಯ ಮೇಲೆ ಕೂತಿದ್ದೆ. ಸಣ್ಣಣ್ಣ ಒಳಗಿನಿಂದ ದಡದಡ ಬಂದರು. ಕೈಯಲ್ಲಿ ಕುಂಕುಮ ಬಣ್ಣದ ರೇಷ್ಮೆ ನೂಲಿನ ಲಡಿ. ಇನ್ನೊಂದು ಕೈಯ ಬೆರಳುಗಳೆಲ್ಲ ಕೆಂಪು.

"ಇದನ್ನ ಯಾರು ತಂದ್ರು? ನೀವಾ? ಕಣ್ಣು ಎಲ್ಲಿಟ್ಟಿದ್ರಿ?" ಎಂದು ದೊಡ್ಡ ದನಿಯಲ್ಲಿ ಕೇಳಿದರು. ಒಳಗೆ ಒಂದೊಂದಾಗಿ ಮಗ್ಗಗಳು ನಿಂತವು. "ಒದ್ದೆ ಕೈ ತಾಕಿದ್ರೆ ಸಾಕು, ಬಣ್ಣ ಬಿಡ್ತೈತೆ. ಮದುವೆ ಹೆಣ್ಣು ಬೆವರಿದ್ರೆ ಏನು ಗತಿ? ಅವಳ ಮೈಯೆಲ್ಲ ಕೆಂಪಾಗಲ್ವಾ?"

ಬೇರೆ ಕಡೆ ಬಣ್ಣ ಹಾಕಿಸಿದ ನೂಲು ಅದು. ಅವಸರದಲ್ಲಿ ಪರೀಕ್ಷೆ ಮಾಡದೆ ತಂದಿದ್ದೆ. ನನ್ನ ಹಳೆಯ ಬುದ್ಧಿ ಒಂದು ಕ್ಷಣ ತಲೆಯೆತ್ತಿತು. ಅವರ ಸಿಟ್ಟನ್ನು ಇಳಿಸುವ ಮೂರು ಮಾತುಗಳು ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಂತಿದ್ದವು. ಒಂದನ್ನೂ ಆಡಲಿಲ್ಲ.

"ನಾನೇ ತಂದೆ. ನೋಡದೆ ತಂದೆ," ಎಂದೆ.

"ವಾಪಸ್ ಕಳಿಸ್ರಿ. ನಾನು ಇದನ್ನ ನೇಯಲ್ಲ."

ಅಲ್ಲೇ ಫೋನು ತೆಗೆದು, ನೂಲು ಕೊಟ್ಟವರ ಜೊತೆ ಮಾತಾಡಿದೆ, ಇದ್ದ ಅಷ್ಟೂ ನೂಲನ್ನು ಕಟ್ಟಿಸಿ ವಾಪಸು ಕಳಿಸುವ ವ್ಯವಸ್ಥೆ ಮಾಡಿದೆ. ಅಷ್ಟಾದರೂ ಅವರ ಸಿಟ್ಟು ಇಳಿಯಲಿಲ್ಲ. ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತು ಬೈಯುತ್ತಲೇ ಇದ್ದರು. ಹಿಂದಿನ ತಿಂಗಳ ಅಂಚು ಸರಿಯಿರಲಿಲ್ಲ ಎಂದರು. ಅದರ ಹಿಂದಿನ ಜರಿ ಕಳಪೆ ಎಂದರು. ಒಂದು ವರ್ಷದಿಂದ ಹೂಂ ಎಂದದ್ದಕ್ಕೆಲ್ಲ ಈಗ ಒಂದೊಂದಾಗಿ ತಕರಾರು ತೆಗೆದರು. ನನಗೆ ಮುಖ ಕೆಂಪಾಗಬೇಕಿತ್ತು, ಶೆಡ್ಡಿನವರೆಲ್ಲ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಆದರೆ ಎದೆಯ ಮೇಲಿನ ಭಾರ ಯಾರೋ ಎತ್ತಿಕೊಂಡಂತೆ ಇತ್ತು. ಈ ಮನುಷ್ಯ ನನ್ನನ್ನು ಮತ್ತೆ ಬೈಯುವಷ್ಟು ಹತ್ತಿರಕ್ಕೆ ಬಿಟ್ಟುಕೊಂಡಿದ್ದರು.

ಬೈಯುತ್ತಾ ಬೈಯುತ್ತಾ ಅವರ ಮಾತು ತೆಲುಗಿಗೆ ತಿರುಗಿತು. ಅಣ್ಣ ಇದ್ದಿದ್ದರೆ ಈ ನೂಲನ್ನು ನಿಮಗೆ ತೋರಿಸುತ್ತಲೂ ಇರಲಿಲ್ಲ, ನೇರ ಬೀದಿಗೆ ಎಸೆಯುತ್ತಿದ್ದ ಎಂದರು. ಹಿಂದೊಮ್ಮೆ ಬೇರೆ ಯಜಮಾನರೊಬ್ಬರ ಅಂಗಳದಲ್ಲಿ ಹಾಗೆ ಎಸೆದು ಇಬ್ಬರೂ ಕೆಲಸ ಕಳೆದುಕೊಂಡ ಕಥೆ ಹೇಳಿದರು. ಎಸೆದ ನೂಲಿನ ಲಡಿ ಹೋಗಿ ಒಂದು ಎಮ್ಮೆಯ ಕೊಂಬಿಗೆ ಸಿಕ್ಕಿಕೊಂಡಿತಂತೆ. ಹೇಳುತ್ತಾ ಅವರಿಗೇ ನಗು ಬಂತು. ಆಮೇಲೆ ಇನ್ನೊಂದು ಕಥೆ ಶುರು ಮಾಡಿದರು. ನಾನು ಕೇಳುತ್ತಾ ಕೂತೆ. ನಾನು ಹತ್ತಬೇಕಿದ್ದ ಮೂರು ಗಂಟೆಯ ಬಸ್ಸು ಹೋಗಿ ಎಷ್ಟೋ ಹೊತ್ತಾಗಿತ್ತು, ಅವರ ಮಾತು ಇನ್ನೂ ಮುಗಿದಿರಲಿಲ್ಲ.